ಬಹುಮಾನ ಕೊಟ್ಟಾದ ಮೇಲೆ

ಬೆಂಗಳೂರಿನಲ್ಲಿ ಹಳೇ ಕಾರುಗಳ ರ‍್ಯಾಲಿ ನಡೆದರೆ ಮರುದಿನ ಪೇಪರಿನಲ್ಲಿ ಎಂಥ ಫೋಟೊ ಬರುತ್ತದೆ ಅಂತ ನೀವೇ ಹೇಳಬಹುದು. ಹಿಂದೆ ವಿಧಾನಸೌಧ. ಮುಂದೆ ಮೂತಿಗೆ ಸೇವಂತಿಗೆ ಹಾರ ಹಾಕಿಸಿಕೊಂಡ ದೊಡ್ಡ ಕಾರು. ಪಕ್ಕದಲ್ಲಿ ಬಾವುಟ ಹಿಡಿದ ಗಣ್ಯರು. ಅವರು ಬಾವುಟ ಬೀಸುವುದು ಕಾರಿನ ಕಡೆಗಲ್ಲ, ಕ್ಯಾಮೆರಾ ಕಡೆಗೆ. ಸ್ಟೇರಿಂಗ್ ಹಿಂದೆ ಟೋಪಿ, ಸಸ್ಪೆಂಡರ್, ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡ ಯಜಮಾನರು. ನೋಡಿದರೆ ಇವರಷ್ಟು ಸಭ್ಯರು ಊರಲ್ಲೇ ಇಲ್ಲ ಅನ್ನಿಸಬೇಕು.

ಪೇಪರಿನವರು ಮಧ್ಯಾಹ್ನದ ಊಟ ಮುಗಿಸಿ ಹೊರಟುಬಿಡುತ್ತಾರೆ. ಒಳ್ಳೆಯದೇ. ಇದೇ ಯಜಮಾನರು ರಾತ್ರಿ ಹನ್ನೊಂದಕ್ಕೆ ಲುಂಗಿ ಎತ್ತಿ ಕಟ್ಟಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಬೇರೆಯವರ ಬಾನೆಟ್ ಒಳಗೆ ಕೈ ಹಾಕಿ ನಿಂತಿರುವ ಫೋಟೊ ಯಾವ ಪೇಪರಿನಲ್ಲೂ ಬಂದಿಲ್ಲ. ನನಗೆ ಈ ಹುಚ್ಚು ಹತ್ತಿದ್ದು ಮಾತ್ರ ಆ ರಾತ್ರಿಯ ವೇಷ ನೋಡಿ.

ನನ್ನದು ಸ್ಟ್ಯಾಂಡರ್ಡ್ ಹೆರಾಲ್ಡ್. 1961ರಿಂದ ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಪುಟ್ಟ ಕಾರು. ಬಾನೆಟ್ಟು, ಮಡ್ಗಾರ್ಡು, ಹೆಡ್‌ಲೈಟು ಎಲ್ಲ ಸೇರಿ ಇಡೀ ಮೂತಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಆಮೇಲೆ ಮುಂದಿನ ಟೈರ್ ಮೇಲೆ ಆರಾಮಾಗಿ ಕೂತು ಎಂಜಿನ್ ಕೆಲಸ ಮಾಡಬಹುದು. ಬ್ಯೂಕ್, ಮರ್ಸಿಡಿಸ್, ರೋಲ್ಸ್ ನಿಂತ ಸಾಲಿನಲ್ಲಿ ಇದಕ್ಕೆ ಕೊನೆಯ ಜಾಗ, ಸಾಮಾನ್ಯವಾಗಿ ಟಾಯ್ಲೆಟ್ ಪಕ್ಕ. ಬಹುಮಾನ ಬರುವ ಗಾಡಿಯಲ್ಲ. ಹಾಗಾಗಿ ಹಗಲೆಲ್ಲ ನನಗೆ ಟೆನ್ಶನ್ ಇಲ್ಲ. ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ.

ಟೆನ್ಶನ್ ಇರುವವರನ್ನು ನೋಡುವುದೇ ಒಂದು ಮಜಾ. ಗಾಡಿ ಎಷ್ಟು ಒರಿಜಿನಲ್ ಆಗಿದೆ ಅಂತ ಅಂಕ ಹಾಕುವ ಜಡ್ಜ್ ಬರುತ್ತಾರೆ, ಕೈಯಲ್ಲಿ ಸಣ್ಣ ಟಾರ್ಚು. 1930ರ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ಪ್ಲಸ್ ಸ್ಕ್ರೂ ಕಂಡರೆ ಮುಗಿಯಿತು, ಅಂಕ ಹೋಯಿತು. ಆ ಕಾಲದಲ್ಲಿ ಎಲ್ಲ ಮೈನಸ್ ಸ್ಕ್ರೂಗಳೇ. ಮಾಲೀಕರು ಬೆವರು ಒರೆಸಿಕೊಳ್ಳುತ್ತಾರೆ. ಪಕ್ಕದಲ್ಲಿ ಯಾರೋ ತಾಯಿ ಮಗುವನ್ನು ಬಂಪರ್ ಮೇಲೆ ಕೂರಿಸಿ ಫೋಟೊ ತೆಗೆಯುತ್ತಿರುತ್ತಾರೆ. ಬೇಡ ಅನ್ನೋ ಹಾಗಿಲ್ಲ, ನಗಲೇಬೇಕು. ಹೀಗೆ ಬೆಳಗ್ಗೆಯಿಂದ ಸಂಜೆವರೆಗೆ ಹಲ್ಲು ಕಚ್ಚಿ ನಕ್ಕವರು ಎರಡು ದಿನದ ಕೂಟವಾದರೆ ರಾತ್ರಿ ಊರ ಹೊರಗಿನ ಯಾವುದಾದರೂ ರೆಸಾರ್ಟಿಗೆ ಬಂದು ಸೇರುತ್ತಾರೆ. ಭಾಷಣ, ಶಾಲು, ಬಹುಮಾನ. ಸಣ್ಣವರು ರೂಮಿಗೆ ಹೋಗುತ್ತಾರೆ. ಆಮೇಲೆ ಸಸ್ಪೆಂಡರ್ ಬಿಚ್ಚುವ ಹೊತ್ತು.

ಇಂಥ ರಾತ್ರಿಗಳ ಎವರ್‌ಗ್ರೀನ್ ಕಿತಾಪತಿ ಅಂದರೆ ರೋಟರ್ ಕದಿಯುವುದು. ಹಳೇ ಪೆಟ್ರೋಲ್ ಎಂಜಿನ್ನಿನಲ್ಲಿ ಕಾಯಿಲಿನಿಂದ ಬಂದ ಕರೆಂಟನ್ನು ಪೆಟ್ರೋಲಿಗೆ ಕಿಡಿ ಹೊತ್ತಿಸುವ ಪ್ಲಗ್ಗುಗಳಿಗೆ ಸರದಿ ಪ್ರಕಾರ ಹಂಚುವುದು ಡಿಸ್ಟ್ರಿಬ್ಯೂಟರ್. ಅದರ ಮುಚ್ಚಳದೊಳಗೆ ಗಿರಗಿರ ತಿರುಗುವ ಪುಟಾಣಿ ತುಂಡೇ ರೋಟರ್. ಬೇಕಲೈಟ್ ಅನ್ನುವ ಹಳೇ ಕಾಲದ ಗಟ್ಟಿ ಪ್ಲಾಸ್ಟಿಕ್ಕಿನದು, ಮೇಲೊಂದು ಹಿತ್ತಾಳೆ ಪಟ್ಟಿ. ಎರಡು ಕ್ಲಿಪ್ ಸಡಿಲಿಸಿ ಮುಚ್ಚಳ ಎತ್ತಿದರೆ ಬೆರಳಲ್ಲೇ ಕಿತ್ತು ಬರುತ್ತದೆ. ಸ್ಪ್ಯಾನರೂ ಬೇಡ. ಜೇಬಿಗೆ ಹಾಕಿಕೊಂಡು ಮುಚ್ಚಳ ಮೊದಲಿನ ಹಾಗೇ ಕೂರಿಸಿದರೆ ಹೊರಗಿನಿಂದ ಏನೂ ಗೊತ್ತಾಗಲ್ಲ. ಬೆಳಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ಚೆನ್ನಾಗಿಯೇ ತಿರುಗುತ್ತದೆ. ಹತ್ತಿಕೊಳ್ಳುವುದು ಮಾತ್ರ ಇಲ್ಲ.

ಇದು ನಮ್ಮ ರೆಸಾರ್ಟಿನಲ್ಲಿ ಹುಟ್ಟಿದ ವಿದ್ಯೆಯಲ್ಲ. 1940ರಲ್ಲಿ ಜರ್ಮನ್ನರು ಇಂಗ್ಲೆಂಡಿನ ಮೇಲೆ ಇಳಿದೇಬಿಡುತ್ತಾರೆ ಅನ್ನುವ ಭಯ ಇದ್ದಾಗ, ನಿಲ್ಲಿಸಿದ ಕಾರು ಶತ್ರುವಿಗೆ ಸಿಕ್ಕಿದರೂ ಓಡಬಾರದು ಅಂತ ಅಲ್ಲಿನ ಸರ್ಕಾರ ಹುಕುಂ ಮಾಡಿತ್ತು. ಜನ ಕಾರು ನಿಲ್ಲಿಸಿ ರೋಟರ್ ಕಿತ್ತು ಜೇಬಿಗಿಟ್ಟುಕೊಂಡು ಹೋಗುತ್ತಿದ್ದರು. ಹಿಟ್ಲರನ ಸೈನ್ಯಕ್ಕೆ ಅಂತ ಇಟ್ಟುಕೊಂಡಿದ್ದ ಅಸ್ತ್ರವನ್ನು ನಾವು ಒಬ್ಬ ಮೂಳೆ ಡಾಕ್ಟ್ರ ಮೇಲೆ ಬಿಟ್ಟೆವು.

ಡಾಕ್ಟ್ರದು ಮೋರಿಸ್ ಮೈನರ್. ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು ಬಂದರು. ಸೆಲ್ಫ್ ಹೊಡೆದರು. ಚೋಕ್ ಎಳೆದು ಹೊಡೆದರು. ಅಷ್ಟರಲ್ಲಿ ಕಾಫಿ ಲೋಟ ಹಿಡಿದುಕೊಂಡು ಒಬ್ಬೊಬ್ಬರೇ ಸುತ್ತ ಸೇರಿದರು. ಎಲ್ಲರ ಮುಖವೂ ಸಾವಿನ ಮನೆಗೆ ಬಂದಷ್ಟು ಗಂಭೀರ. ಒಬ್ಬರು "ಪೆಟ್ರೋಲ್ ಬರ್ತಿದೆಯಾ ನೋಡಿ ಡಾಕ್ಟ್ರೇ" ಅಂದರು. ಇನ್ನೊಬ್ಬರು "ಕಾಯಿಲ್ ಹೋಗಿರ್ಬೇಕು, ನನಗೂ ಹೀಗೇ ಆಗಿತ್ತು" ಅಂದರು. ಡಾಕ್ಟ್ರು ಪಾಪ, ಒಂದೊಂದೇ ಪ್ಲಗ್ ಬಿಚ್ಚಿ, ಒರೆಸಿ, ಗ್ಯಾಪ್ ನೋಡಿ ವಾಪಸ್ ಹಾಕಿದರು. ರೋಟರ್ ಕದ್ದಿದ್ದ ಸಕಲೇಶಪುರದ ಕಾಫಿ ಪ್ಲಾಂಟರ್ ಪಕ್ಕದಲ್ಲೇ ನಿಂತು ಸ್ಪ್ಯಾನರ್ ಎತ್ತಿ ಕೊಡುತ್ತಿದ್ದರು. "ಮೈಕೋ ಪ್ಲಗ್ ಹಾಕ್ಬೇಕಿತ್ತು ಡಾಕ್ಟ್ರೇ, ನಮ್ಮ ಆಡುಗೋಡಿ ಮಾಲು" ಅಂತ ಸಲಹೆ ಬೇರೆ.

ಕೊನೆಗೆ ಸೋತು ಟಿಫನ್ನಿಗೆ ಬಂದು ಕೂತರು. ಸಪ್ಲೈಯರ್ ಹುಡುಗ ತಟ್ಟೆ ತಂದಿಟ್ಟ. ಎರಡು ಇಡ್ಲಿ, ಒಂದು ವಡೆ. ವಡೆಯ ತೂತಿನಲ್ಲಿ ನೆಟ್ಟಗೆ ನಿಂತಿತ್ತು ರೋಟರ್. ಡಾಕ್ಟ್ರು ಅದನ್ನು ಎರಡು ಬೆರಳಲ್ಲಿ ಎತ್ತಿ, ಎಣ್ಣೆ ಒರೆಸಿ, ಜೇಬಿಗೆ ಹಾಕಿಕೊಂಡು, ಒಂದು ಮಾತೂ ಆಡದೆ ವಡೆ ತಿಂದರು. ಆ ಮೌನ ನೋಡಿ ಪ್ಲಾಂಟರಿಗೆ ಸ್ವಲ್ಪ ಭಯ ಆಯಿತು ಅನ್ನಿ.

ಡಾಕ್ಟ್ರು ನಮ್ಮ ಗುಂಪಿಗೆ ಬೇಕಾದ ಮನುಷ್ಯ. ಕಾರಣ, ಹ್ಯಾಂಡಲ್. ತುಂಬ ಹಳೇ ಕಾರುಗಳಿಗೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿ ಸ್ಟಾರ್ಟ್ ಮಾಡಬೇಕು. ಕ್ಯಾಡಿಲಾಕ್ 1912ರಲ್ಲಿ ಎಲೆಕ್ಟ್ರಿಕ್ ಸ್ಟಾರ್ಟರ್ ತಂದ ಮೇಲೂ ಎಷ್ಟೋ ವರ್ಷ ಕಾರುಗಳು ಹ್ಯಾಂಡಲ್ ಇಟ್ಟುಕೊಂಡೇ ಬಂದವು. ಅದನ್ನು ಹಿಡಿಯುವುದಕ್ಕೆ ಒಂದು ಕ್ರಮ ಇದೆ. ಹೆಬ್ಬೆರಳನ್ನು ಸುತ್ತಿ ಹಿಡಿಯಬಾರದು, ಉಳಿದ ಬೆರಳುಗಳ ಕಡೆಗೇ ಇಡಬೇಕು. ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಮೇಲಿನಿಂದ ಕೆಳಕ್ಕೆ ಒತ್ತಬಾರದು. ಎಂಜಿನ್ ಉಲ್ಟಾ ಒದ್ದರೆ ಕೈ ತಾನಾಗಿ ಬಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಮಣಿಕಟ್ಟು ಹೋಯಿತು. ಹಾಗೆ ಮುರಿಯುವುದಕ್ಕೆ ವೈದ್ಯರ ಪುಸ್ತಕದಲ್ಲೇ 'ಶೋಫರ್ಸ್ ಫ್ರ್ಯಾಕ್ಚರ್', ಅಂದರೆ ಡ್ರೈವರನ ಮೂಳೆ ಮುರಿತ, ಅಂತ ಹೆಸರಿದೆ. ಎರಡು ಪೆಗ್ ಒಳಗೆ ಹೋದ ಮೇಲೆ ಕೆಲವರಿಗೆ ತಾವೇ ಹ್ಯಾಂಡಲ್ ಹೊಡೆದು ತೋರಿಸಬೇಕು ಅನ್ನಿಸುತ್ತದೆ. ಡಾಕ್ಟ್ರು ಕೂತಲ್ಲಿಂದಲೇ ಕೂಗುತ್ತಾರೆ: "ಹೆಬ್ಬೆಟ್ಟು! ಹೆಬ್ಬೆಟ್ಟು ಆ ಕಡೆ! ರಾತ್ರಿ ಹೊತ್ತು ನಾನು ಪ್ಲಾಸ್ಟರ್ ಹಾಕಲ್ಲ ಹೇಳಿದ್ದೀನಿ!"

ಕಾರು ಎತ್ತಿಡುವುದು ಇನ್ನೊಂದು. ಇದಕ್ಕೆ ಜನ ಬೇಕು, ಸಣ್ಣ ಕಾರು ಬೇಕು. ಬೇಬಿ ಆಸ್ಟಿನ್ ಅಂತ ಹಿಂದಿನವರು ಕರೆಯುತ್ತಿದ್ದ ಆಸ್ಟಿನ್ ಸೆವೆನ್ ಹೇಳಿ ಮಾಡಿಸಿದ ಹಾಗಿದೆ. ಇವತ್ತಿನ ಸಣ್ಣ ಕಾರಿನ ಅರ್ಧ ತೂಕವೂ ಇಲ್ಲ. ಈ ವಿಷಯದಲ್ಲಿ ಕೇಂಬ್ರಿಜ್‌ನ ಎಂಜಿನಿಯರಿಂಗ್ ಹುಡುಗರನ್ನು ಮೀರಿಸಿದವರು ಯಾರೂ ಇಲ್ಲ. 1958ರ ಜೂನ್‌ನಲ್ಲಿ ಒಂದು ರಾತ್ರಿ ಅವರು ಆಸ್ಟಿನ್ ಸೆವೆನ್ ಒಂದನ್ನು ಯೂನಿವರ್ಸಿಟಿಯ ಸೆನೆಟ್ ಹೌಸ್ ಛಾವಣಿ ಮೇಲೆ ಏರಿಸಿಬಿಟ್ಟರು. ಬೆಳಗ್ಗೆ ಊರೆಲ್ಲ ತಲೆ ಎತ್ತಿ ನೋಡಿತು. ಕೆಳಗಿಳಿಸುವುದಕ್ಕೆ ಹೋದವರ ಕೈಲಿ ಆಗದೆ ಕೊನೆಗೆ ತುಂಡು ಮಾಡಿಯೇ ಇಳಿಸಬೇಕಾಯಿತು.

ನಮ್ಮವರದು ಅಷ್ಟು ದೊಡ್ಡ ಸಾಹಸವಲ್ಲ. ರೆಸಾರ್ಟಿನ ಎರಡು ತೆಂಗಿನ ಮರಗಳ ನಡುವೆ ಒಂದು ಬೇಬಿ ಆಸ್ಟಿನ್ನನ್ನು ಅಡ್ಡಡ್ಡ ಕೂರಿಸಿದರು. ಮುಂದೆ ಒಂದು ಮರ, ಹಿಂದೆ ಒಂದು ಮರ, ಆಚೀಚೆ ಒಂದೊಂದು ಗೇಣು. ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಆಚೆ ಬರುವ ಪ್ರಶ್ನೆಯೇ ಇಲ್ಲ. ನಾನು ಆವತ್ತು ಗಮನಿಸಿದ್ದು ಬೇರೆ. ಎತ್ತುವ ಮೊದಲು ಅವರಲ್ಲೊಬ್ಬರು ಕೂಗಿ ಹೇಳಿದರು: "ಮಡ್ಗಾರ್ಡ್ ಯಾರೂ ಹಿಡೀಬೇಡ್ರಪ್ಪ. ಸ್ಪ್ರಿಂಗ್ ಹಿಡೀರಿ, ಆಕ್ಸಲ್ ಹಿಡೀರಿ." ನೆಟ್ಟಗೆ ನಿಲ್ಲುವುದಕ್ಕೆ ಕಷ್ಟ ಪಡುತ್ತಿದ್ದವರು ಕೂಡ ಬಗ್ಗಿ, ತಡಕಾಡಿ, ಹಿಡಿಯಬೇಕಾದ ಜಾಗವನ್ನೇ ಹಿಡಿದರು. ತಗಡು ಎಲ್ಲಿ ಬಾಗುತ್ತದೆ, ಕಬ್ಬಿಣ ಎಲ್ಲಿ ತಡೆಯುತ್ತದೆ ಅಂತ ಅವರ ಕೈಗೆ ಗೊತ್ತಿತ್ತು. ಬೆಳಗ್ಗೆ ಮಾಲೀಕರು ಬೈದರು, ನಕ್ಕರು, ಅದೇ ಜನರನ್ನು ಕರೆದು ಎತ್ತಿಸಿದರು. ಗಾಡಿಗೆ ಒಂದು ಗೀರು ಬಿದ್ದಿರಲಿಲ್ಲ.

ರಾತ್ರಿಯ ಆಟಗಳಲ್ಲಿ ನನ್ನ ಹೆರಾಲ್ಡಿಗೂ ಒಂದು ಮರ್ಯಾದೆ ಇದೆ. ಅದು ತಿರುಗುವ ಸುತ್ತು ಬರೀ 25 ಅಡಿ ಚಿಲ್ಲರೆ. ಲಂಡನ್ ಟ್ಯಾಕ್ಸಿಗೆ ಸಮ. ಅಡುಗೆ ಮನೆಯವರ ಹತ್ತಿರ ರಂಗೋಲಿ ಪುಡಿ ಇಸಕೊಂಡು ಅಂಗಳದಲ್ಲಿ ಒಂದು ವೃತ್ತ ಬರೆದು, ಗೆರೆ ಮುಟ್ಟದೆ ಯಾರು ಸುತ್ತುತ್ತೀರಿ ಅಂತ ಪಂಥ ಕಟ್ಟುತ್ತಾರೆ. ಅಂಬಾಸಿಡರ್‌ಗಳು ಗೆರೆ ಅಳಿಸಿ, ಹೂವಿನ ಕುಂಡ ಉರುಳಿಸಿ, ಕ್ರೋಟನ್ ಗಿಡದೊಳಗೆ ಮೂತಿ ತೂರಿಸಿ ನಿಲ್ಲುತ್ತವೆ. ಹೆರಾಲ್ಡ್ ಮಾತ್ರ ಬುಗುರಿಯ ಹಾಗೆ ತಿರುಗುತ್ತದೆ. ಹಗಲು ಟಾಯ್ಲೆಟ್ ಪಕ್ಕ ನಿಂತದ್ದಕ್ಕೆ ಅಷ್ಟಾದರೂ ಬೇಡವಾ?

ಸ್ಲೋ ರೇಸ್ ಇದಕ್ಕಿಂತ ಚೆಂದ. ಸ್ಕೂಲಿನಲ್ಲಿ ಸೈಕಲ್ಲಿಗೆ ಇಡುತ್ತಿದ್ದರಲ್ಲ, ಅದೇ. ಫಸ್ಟ್ ಗೇರು, ಆಕ್ಸಿಲರೇಟರ್ ಮುಟ್ಟೋ ಹಾಗಿಲ್ಲ, ಕ್ಲಚ್ ಒತ್ತೋ ಹಾಗಿಲ್ಲ, ಬ್ರೇಕಂತೂ ಇಲ್ಲವೇ ಇಲ್ಲ. ಕೊನೆಗೆ ಬಂದವರು ಗೆದ್ದರು, ಆಫ್ ಆದವರು ಔಟ್. ಇಲ್ಲಿ ದುಡ್ಡು ನಡೆಯುವುದಿಲ್ಲ. ಡಿಸ್ಟ್ರಿಬ್ಯೂಟರ್ ಒಳಗೆ ಕರೆಂಟ್ ಕಡಿದು ಕೂಡಿಸುವ ಪಾಯಿಂಟುಗಳ ಗ್ಯಾಪ್ ಸರಿ ಇರಬೇಕು, ಕಾರ್ಬುರೇಟರ್ ಹದವಾಗಿರಬೇಕು, ಎಂಜಿನ್ ಆಮೆ ಹೆಜ್ಜೆಯಲ್ಲೂ ಕೆಮ್ಮದೆ ತಿರುಗಬೇಕು. ಒಂದು ಸಲ ಗೆದ್ದಿದ್ದು ನಿವೃತ್ತ ಅಧಿಕಾರಿಯೊಬ್ಬರ ಬಿಳಿ ಅಂಬಾಸಿಡರ್. ಓಡಿಸಿದ್ದು ಅವರಲ್ಲ, ಅವರ ಡ್ರೈವರ್. ಎಲ್ಲರೂ ಊಟ ಮಾಡುವಾಗ ಕಾರಿನ ಪಕ್ಕ ಕೂತು ಮೊಬೈಲ್ ನೋಡುತ್ತಿದ್ದವರನ್ನು ಯಾರೋ ತಮಾಷೆಗೆ ಕರೆದಿದ್ದರು. ಗೆದ್ದ ಮೇಲೆ ಹೇಗಪ್ಪಾ ಇದು ಅಂತ ಕೇಳಿದರೆ, "ಸರ್ವಿಸ್ ಪೂರ್ತಿ ಮಿನಿಸ್ಟ್ರುಗಳ ಮೆರವಣಿಗೆ ಹಿಂದೆ ಓಡ್ಸಿದೀನಿ ಸಾರ್, ಇದೇನ್ ಮಹಾ" ಅಂದರು. ಬಹುಮಾನ ಒಂದು ಬಾಟಲ್ ಅಂತ ಮೊದಲೇ ಗೊತ್ತಾಗಿತ್ತು. ಅವರು ಕುಡಿಯಲ್ಲ. ಒಂದು ತಟ್ಟೆ ತುಂಬ ಕಬಾಬ್ ಕೊಟ್ಟೆವು. ಸಂಜೆ ಅದೇ ಕಾರಿಗೆ ಬಂದಿದ್ದ ಟ್ರೋಫಿಯನ್ನು ತಗೊಂಡು ಫೋಟೊ ತೆಗೆಸಿಕೊಂಡವರು ಅಧಿಕಾರಿ. ಆ ಕಾರನ್ನು ದಿನಾ ಬಟ್ಟೆ ಹಾಕಿ ಒರೆಸುವವರು, ಪಾಯಿಂಟ್ ಉಜ್ಜುವವರು ಯಾರು ಅಂತ ಆಗ ಯಾರೂ ಕೇಳಿರಲಿಲ್ಲ.

ಇಲ್ಲಿವರೆಗೆ ಹೇಳಿದ್ದೆಲ್ಲ ಕಾಂಪೌಂಡಿನ ಒಳಗೆ ನಡೆದದ್ದು. ನಾನು ಇಂಥದ್ದನ್ನು ಎಷ್ಟು ಬೇಕಾದರೂ ವಹಿಸಿಕೊಂಡು ಮಾತಾಡುತ್ತೇನೆ. ನನಗೆ ಆಗದೇ ಇರುವುದು ಇನ್ನೊಂದು ಜಾತಿಯದು. ಅದು ಈಗೀಗ ಜಾಸ್ತಿ ಆಗಿದೆ.

ಉದಾಹರಣೆಗೆ ಪಟಾಕಿ. ಕಾರ್ಬುರೇಟರ್ ಗಾಡಿಯನ್ನು ಗೇರಿನಲ್ಲೇ ಓಡಿಸುತ್ತಾ ಕೀ ಆಫ್ ಮಾಡಿ, ಆಕ್ಸಿಲರೇಟರ್ ಒತ್ತಿ, ಮತ್ತೆ ಕೀ ಆನ್ ಮಾಡಿದರೆ ಸುಡದ ಪೆಟ್ರೋಲ್ ಬಿಸಿ ಸೈಲೆನ್ಸರಿಗೆ ಹೋಗಿ ಢಂ ಅನ್ನುತ್ತದೆ. ನಾಡಬಂದೂಕು ಹೊಡೆದಷ್ಟು ಸದ್ದು. ಸೈಲೆನ್ಸರ್ ಸೀಳುವುದೂ ಉಂಟು. ಇದಕ್ಕೆ ಕಾರು ಗೊತ್ತಿರಬೇಕಾಗಿಲ್ಲ. ಕೀ ಎಲ್ಲಿದೆ ಅಂತ ಗೊತ್ತಿದ್ದರೆ ಸಾಕು.

ಕನಕಪುರ ರಸ್ತೆಯಿಂದ ಒಳಗೆ, ಬನ್ನೇರುಘಟ್ಟ ಕಾಡಿನ ಅಂಚಿಗೆ ಒಂದು ರೆಸಾರ್ಟು. ಚಳಿಗಾಲ. ಊಟ ಆಗಿ ಬಹಳ ಹೊತ್ತಾಗಿತ್ತು. ಹೊಸದಾಗಿ ಸೇರಿಕೊಂಡಿದ್ದ ಮೂರ್ನಾಲ್ಕು ಜನ ಎರಡು ಕಾರು ತಗೊಂಡು ಗೇಟಿನ ಹೊರಗಿನ ಮಣ್ಣು ರಸ್ತೆಯಲ್ಲಿ ಈ ಆಟ ಶುರು ಮಾಡಿದರು. ಢಂ. ನಗು. ಮತ್ತೆ ಢಂ. ಒಳಗೆ ಕೂತಿದ್ದ ನಾವು ಹಿರಿಯರು ಸ್ವಲ್ಪ ಗೊಣಗಿದೆವು, ಅಷ್ಟೇ. ಹತ್ತು ನಿಮಿಷ ಆಗಿರಬೇಕು, ಗೇಟಿನ ಹತ್ತಿರ ಟಾರ್ಚುಗಳು ಕಂಡವು. ಕಂಬಳಿ ಹೊದ್ದವರು, ತಲೆಗೆ ಟವೆಲ್ ಸುತ್ತಿದವರು, ಕೈಯಲ್ಲಿ ದೊಣ್ಣೆ. ಹೊಡೆಯುವುದಕ್ಕೆ ಬಂದರು ಅಂತ ನಮ್ಮವರು ಒಳಗೆ ಓಡಿದರು.

ಹೊಡೆಯುವುದಕ್ಕೆ ಬಂದದ್ದಲ್ಲ. ಮುಂದಿದ್ದ ವಯಸ್ಸಾದವರು ಏದುಸಿರು ಬಿಡುತ್ತಾ ಕೇಳಿದರು: "ಎಷ್ಟವೆ ಸಾ? ಯಾವ ಕಡೆಯಿಂದ ಬಂದೊ?"

ಆನೆ. ಆ ಕಡೆಯ ಊರುಗಳಲ್ಲಿ ರಾಗಿ ಕೊಯ್ಲಿನ ಹೊತ್ತಿಗೆ ಕಾಡಿನಿಂದ ಆನೆಗಳು ಇಳಿಯುತ್ತವೆ. ಹೊಲ ಕಾಯುವವರು ಪಟಾಕಿ ಹೊಡೆದರೆ ಊರಿಗೆಲ್ಲ ಸುದ್ದಿ ಮುಟ್ಟಿದ ಹಾಗೆ. ಎದ್ದವರೆಲ್ಲ ಟಾರ್ಚು, ದೊಣ್ಣೆ ತಗೊಂಡು ಸದ್ದು ಬಂದ ಕಡೆ ಓಡುತ್ತಾರೆ. ಇವರೂ ಹಾಗೇ ನಿದ್ದೆಯಿಂದ ಎದ್ದು, ಮೆದೆ ಹಾಕಿದ ರಾಗಿ ಹೋಯಿತೇನೋ ಅಂತ ಕತ್ತಲಲ್ಲಿ ಗದ್ದೆ ಬದು ಹಾರಿ ಬಂದಿದ್ದರು. ಬಂದು ನೋಡಿದರೆ ಎರಡು ಕಾರು, ನಾಲ್ಕು ಜನ, ಪೆಟ್ರೋಲ್ ವಾಸನೆ.

ವಿಷಯ ಗೊತ್ತಾದಾಗ ಅವರಲ್ಲಿ ಒಬ್ಬ ಹುಡುಗ ರೇಗಿದ. ಬಾಯಿಗೆ ಬಂದ ಹಾಗೆ ಬೈದ. ಬೈಯಲೇಬೇಕಿತ್ತು. ನಮ್ಮಲ್ಲೊಬ್ಬರು ಪರ್ಸ್ ತೆಗೆದರು. ಅದು ಇನ್ನೂ ಕೆಟ್ಟದಾಯಿತು. ವಯಸ್ಸಾದವರು ಹುಡುಗನನ್ನು ಹಿಂದಕ್ಕೆ ಎಳೆದುಕೊಂಡು, "ದುಡ್ಡು ಮಡೀಕಳಿ ಸಾ" ಅಂದರು. ಆಮೇಲೆ ಅವರು ಹೇಳಿದ ಮಾತು ಬೈಗುಳಕ್ಕಿಂತ ಜೋರಾಗಿ ನಾಟಿತು: "ನಾಳೆ ನಿಜವಾಗ್ಲೂ ಪಟಾಕಿ ಹೊಡುದ್ರೆ, ಅವ್ರೇ ಕಾರಿನೋರು ಅಂದ್ಕಂಡು ಯಾರೂ ಏಳಕ್ಕಿಲ್ಲ. ಅದ್ಕೇನು ಮಾಡಾನ?"

ಯಾರ ಹತ್ತಿರವೂ ಉತ್ತರ ಇರಲಿಲ್ಲ. ಡಾಕ್ಟ್ರು ಅವರಿಗೆಲ್ಲ ಕಾಫಿ ಮಾಡಿಸಿ ಕೊಟ್ಟರು. ಕೆಲವರು ಕುಡಿದರು. ಹುಡುಗ ಕುಡಿಯಲಿಲ್ಲ.

ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು ಮಾಡಬಾರದು ಅಂತ ಕಾನೂನು ಇದೆ, 2000ನೇ ಇಸವಿಯಿಂದ ಇದೆ. ಆದರೆ ಆವತ್ತು ನನಗೆ ಕಾನೂನು ನೆನಪಾಗಲಿಲ್ಲ. ವಡೆಯೊಳಗೆ ರೋಟರ್ ಇಟ್ಟಾಗ ಪೇಚಿಗೆ ಸಿಕ್ಕಿದ್ದು ನಮ್ಮವರೇ ಒಬ್ಬರು, ನಕ್ಕವರೂ ನಮ್ಮವರೇ. ಮುಂದಿನ ಸಲ ಸೇಡು ತೀರಿಸಿಕೊಳ್ಳುವುದಕ್ಕೆ ಅವರಿಗೂ ಅವಕಾಶ ಇತ್ತು. ರಾಗಿ ಮೆದೆ ಕಾಯುವವರಿಗೆ ನಮ್ಮ ಆಟದಲ್ಲಿ ಯಾವ ಸೀಟೂ ಇಲ್ಲ. ಅವರನ್ನು ಆಟಕ್ಕೆ ಎಳೆದದ್ದು ಯಾಕೆ?

ರಸ್ತೆಗೆ ಇಳಿದರಂತೂ ಕೇಳುವುದೇ ಬೇಡ. ಏರ್‌ಪೋರ್ಟ್ ರಸ್ತೆ, ನೈಸ್ ರಸ್ತೆ ರಾತ್ರಿ ಏನಾಗುತ್ತವೆ ಅಂತ ಬೆಂಗಳೂರಿನವರಿಗೆ ಗೊತ್ತು. ನೈಸ್ ರಸ್ತೆಯಲ್ಲಿ ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಬೈಕುಗಳನ್ನೇ ಬಿಡಬಾರದು ಅಂತ 2022ರಲ್ಲಿ ತೀರ್ಮಾನ ಮಾಡಬೇಕಾಯಿತು, ಅಷ್ಟು ಆಕ್ಸಿಡೆಂಟ್. ಆ ಚಪಲ ಹಳೇ ಕಾರಿನವರಿಗೂ ಅಂಟಿದೆ. "ಒಂದು ರೌಂಡ್ ಹೋಗಿ ಬರೋಣ" ಅಂತ ಶುರುವಾಗುತ್ತದೆ. ಕೂತಿರುವುದು ಎಂಥ ಗಾಡಿಯಲ್ಲಿ ಅಂತ ಸ್ವಲ್ಪ ಯೋಚಿಸಬೇಕಲ್ವಾ? ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಬ್ರೇಕ್ ಆಯಿಲ್ ಹೋಗುವುದಕ್ಕೆ ಎಲ್ಲದಕ್ಕೂ ಸೇರಿ ಒಂದೇ ಲೈನು. ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ, ಉಳಿಯುವುದು ಹ್ಯಾಂಡ್ ಬ್ರೇಕ್ ಮತ್ತು ದೇವರು. ಸೀಟ್ ಬೆಲ್ಟ್ ಇಲ್ಲ. ಸ್ಟೇರಿಂಗ್ ರಾಡು ನೇರ ಎದೆಗೆ ಗುರಿ ಇಟ್ಟಿರುತ್ತದೆ. ನನ್ನ ಹೆರಾಲ್ಡನ್ನೇ ತಗೊಳ್ಳಿ. ಅಂಗಳದಲ್ಲಿ ಬುಗುರಿ, ನಿಜ. ಅದರ ಹಿಂದಿನ ಆಕ್ಸಲ್ ನಡುವಿನ ಗೇರ್ ಡಬ್ಬಿಯ, ಅಂದರೆ ಡಿಫರೆನ್ಷಿಯಲ್ ಹತ್ತಿರ ಎರಡು ಭಾಗವಾಗಿ ಬಾಗುವಂಥದ್ದು. ಜೋರಾಗಿ ತಿರುವು ತಗೊಂಡು ಮಧ್ಯದಲ್ಲಿ ಗಾಬರಿಯಾಗಿ ಆಕ್ಸಿಲರೇಟರ್ ಬಿಟ್ಟರೆ ಹೊರಗಡೆಯ ಹಿಂದಿನ ಚಕ್ರ ಅಡಿಗೆ ಮಡಚಿಕೊಳ್ಳುತ್ತದೆ. ಕಾರಿನ ಹಿಂಭಾಗ ಎದ್ದು ಮುಂದೆ ಬರುತ್ತದೆ. ಇದು ಗೊತ್ತಿದ್ದವರು ಯಾರೂ ರಾತ್ರಿ ಕುಡಿದು ಇದನ್ನು ರಸ್ತೆಗೆ ಇಳಿಸುವುದಿಲ್ಲ.

ಕುಡಿದು ಓಡಿಸಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮ್ ದಾಟಬಾರದು. ಲಕ್ಷಗಟ್ಟಲೆ ಸುರಿದು ಕಾರು ರೆಡಿ ಮಾಡಿಸಿದವರಿಗೆ ಹತ್ತು ಸಾವಿರ ದೊಡ್ಡದಲ್ಲ ಅನ್ನುವುದೇ ತೊಂದರೆ.

ಟೈರ್ ಸುಟ್ಟು ಹೊಗೆ ಎಬ್ಬಿಸುವವರ ಬಗ್ಗೆ ಜಾಸ್ತಿ ಹೇಳಲ್ಲ. ಒಬ್ಬ ಹುಡುಗ ಕಾಂಟೆಸ್ಸಾದಲ್ಲಿ ಪಾರ್ಕಿಂಗಿನಲ್ಲೇ ಅದನ್ನು ಮಾಡಿದ. ಹೊಗೆ ಬಂತು, ಚಪ್ಪಾಳೆ ಬಂತು, 'ಟಕ್' ಅಂತ ಒಂದು ಸದ್ದೂ ಬಂತು. ಆಕ್ಸಲ್ ಕಟ್. ಕಾಂಟೆಸ್ಸಾ ತಯಾರಾಗುವುದು ನಿಂತದ್ದು 2002ರಲ್ಲಿ. ಆ ಹುಡುಗ ಆಮೇಲೆ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳು, ಶಿವಾಜಿನಗರದ ಗುಜರಿ ಅಂತ ತಿಂಗಳುಗಟ್ಟಲೆ ಅಲೆದ. ಅಲೆಯುತ್ತಾ ಅಲೆಯುತ್ತಾ ಆಕ್ಸಲ್ ಬಗ್ಗೆ ನಮಗೆಲ್ಲ ಪಾಠ ಹೇಳುವಷ್ಟು ಕಲಿತ ಅನ್ನುವುದು ಬೇರೆ ಮಾತು.

ಇದು ಬೆಂಗಳೂರಿನ ಕಾಯಿಲೆ ಮಾತ್ರ ಅಲ್ಲ. ಆಸ್ಟ್ರಿಯಾದಲ್ಲಿ ವೋರ್ತರ್ ಅನ್ನುವ ಕೆರೆಯ ದಂಡೆಯಲ್ಲಿ 1982ರಿಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಹುಚ್ಚರ ಜಾತ್ರೆ ನಡೆಯುತ್ತಿತ್ತು. ಊರಿನಲ್ಲಿ ಕಲ್ಲಿನಲ್ಲಿ ಕಡೆದ ಗಾಲ್ಫ್ ಕಾರೇ ನಿಂತಿದೆ, ಅಷ್ಟು ಪ್ರೀತಿ. ಸದ್ದು, ಟೈರ್ ಹೊಗೆ, ಪುಂಡಾಟದ ದೂರುಗಳು ವರ್ಷ ವರ್ಷ ಏರುತ್ತಾ ಹೋದವು. 2023ರಲ್ಲಿ ಜಾತ್ರೆಯೇ ಇಲ್ಲವಾಯಿತು. ಕಲ್ಲಿನ ಕಾರು ನಿಲ್ಲಿಸಿಕೊಂಡ ಊರಿಗೇ ಸಾಕಾಯಿತು ಅಂದರೆ, ಆನೆ ಕಾಯುವ ಊರು ನಮ್ಮನ್ನು ಎಷ್ಟು ದಿನ ತಡೆದುಕೊಳ್ಳುತ್ತದೆ?

ನಮ್ಮಲ್ಲಿ ಹಳೇ ಗಾಡಿಗಳು ರಸ್ತೆಯಲ್ಲಿ ಉಳಿದಿರುವುದೇ ಸರ್ಕಾರ ಸ್ವಲ್ಪ ಕಣ್ಣು ತಣ್ಣಗಿಟ್ಟುಕೊಂಡಿರುವುದರಿಂದ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ಗಾಡಿಗಳಿಗೆ ಅಂತಲೇ ಬೇರೆ ನಿಯಮ ಮಾಡಿತು. ನಂಬರಿನಲ್ಲಿ 'ವಿಎ' ಅಂತ ಬರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ. ಆ ನಂಬರಿನ ಗಾಡಿಯನ್ನು ರ‍್ಯಾಲಿಗೆ, ಪ್ರದರ್ಶನಕ್ಕೆ, ರಿಪೇರಿಗೆ, ಪೆಟ್ರೋಲ್ ಹಾಕಿಸುವುದಕ್ಕೆ ರಸ್ತೆಗೆ ತರಬಹುದು. ದಿನದ ಓಡಾಟಕ್ಕೆ ಇಲ್ಲ. ಹಾಲು ತರುವುದಕ್ಕೆ ಹೋಗುವ ಹಾಗಿಲ್ಲದ ಗಾಡಿಯಲ್ಲಿ ರಾತ್ರಿ ಎರಡಕ್ಕೆ ರೇಸ್ ಹೋಗುವವರಿಗೆ ಏನು ಹೇಳುವುದು? ಒಂದು ಕೆಟ್ಟ ಆಕ್ಸಿಡೆಂಟ್, ಒಂದು ವೈರಲ್ ವಿಡಿಯೊ ಸಾಕು, ಇರುವ ರಿಯಾಯಿತಿಯೂ ಹೋಗುತ್ತದೆ. ಆಗ ಸ್ಲೋ ರೇಸ್ ಗೆದ್ದ ಅಂಬಾಸಿಡರೂ ಗುಜರಿಗೆ, ಪಟಾಕಿ ಹೊಡೆದದ್ದೂ ಗುಜರಿಗೆ.

ಹಾಗಂತ ರಾತ್ರಿ ಹತ್ತಕ್ಕೆ ಲೈಟ್ ಆರಿಸಿ ಎಲ್ಲರೂ ಮಲಗಿಬಿಡಿ ಅಂದರೆ ನಾನಂತೂ ಹೋಗಲ್ಲ. ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಕಲಿಯುವುದನ್ನು ಒಂದು ರಾತ್ರಿಯ ಕಿತಾಪತಿ ಕಲಿಸಿಬಿಡುತ್ತದೆ. ಡಾಕ್ಟ್ರು ಆವತ್ತಿನಿಂದ ಯಾವುದೇ ಗಾಡಿ ಹತ್ತಿಕೊಳ್ಳದಿದ್ದರೆ ಮೊದಲು ಡಿಸ್ಟ್ರಿಬ್ಯೂಟರ್ ಮುಚ್ಚಳ ಎತ್ತುತ್ತಾರೆ. ಈಚೆಗೆ ಒಬ್ಬ ಹುಡುಗಿ ಬರುತ್ತಾಳೆ, ಎಂಜಿನಿಯರಿಂಗ್ ಓದುತ್ತಿದ್ದಾಳೆ, ತಾತನ ಮೈಸೂರಿನ ಜಾವಾ ಬೈಕನ್ನು ತಾನೇ ಬಿಚ್ಚಿ ಜೋಡಿಸಿದ್ದಾಳೆ. ಮೊದಲೆಲ್ಲ ಹೆಂಗಸರು ಊಟ ಆದ ತಕ್ಷಣ ರೂಮಿಗೆ ಹೋಗಬೇಕು ಅನ್ನುವ ಅಲಿಖಿತ ನಿಯಮ ಇತ್ತು, ಅವಳು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಒಂದು ರಾತ್ರಿ ನಮ್ಮ ದೊಡ್ಡ ಪಂಡಿತರೊಬ್ಬರ ಅಂಬಾಸಿಡರಿನಲ್ಲಿ ಎರಡು ಪ್ಲಗ್ ವೈರ್ ಅದಲು ಬದಲು ಮಾಡಿಟ್ಟಳು. ಪ್ಲಗ್ಗುಗಳು ಕಿಡಿ ಹಾರಿಸುವ ಸರದಿಯೇ, ಅಂದರೆ ಫೈರಿಂಗ್ ಆರ್ಡರೇ, ತಪ್ಪಿತು. ಬೆಳಗ್ಗೆ ಕಾರು ಕೆಮ್ಮಿತು, ಸೀನಿತು. ಪಂಡಿತರು ಕಾರ್ಬುರೇಟರ್ ಇಡೀ ಬಿಚ್ಚಿದರು. ಅವಳು ಬಂದು, "ಅಂಕಲ್, ಫೈರಿಂಗ್ ಆರ್ಡರ್ ಒಂದು-ಮೂರು-ನಾಲ್ಕು-ಎರಡು ಅಲ್ವಾ?" ಅಂತ ಕೇಳಿ ಇಡ್ಲಿ ತಿನ್ನೋಕೆ ಹೋದಳು.

ಆನೆ ಪ್ರಸಂಗ ಆದ ಮೇಲೆ ಸಂಘಟಕರು ಒಂದು ಉಪಾಯ ಮಾಡಿದರು. ರಾತ್ರಿ ಊಟಕ್ಕೆ ಕೂರುವ ಮೊದಲು ಎಲ್ಲರೂ ಕಾರಿನ ಕೀ ತಂದು ಒಂದು ಸ್ಟೀಲ್ ಬಕೆಟ್ಟಿಗೆ ಹಾಕಬೇಕು. ಬಕೆಟ್ಟು ಮೆಕ್ಯಾನಿಕ್ ಭಾಯ್ ಹತ್ತಿರ. ಶಿವಾಜಿನಗರದ ಭಾಯ್, ಹಳೇ ವ್ಯಾನಿನಲ್ಲಿ ಸಾಮಾನು ತುಂಬಿಕೊಂಡು ಪ್ರತಿ ರ‍್ಯಾಲಿಯ ಕೊನೆಯಲ್ಲಿ ಬರುತ್ತಾರೆ. ಭಾಯ್ ಬಕೆಟ್ಟು ನೋಡಿ ನಕ್ಕುಬಿಟ್ಟರು. "ಕೀಲಿ ಇಟ್ಕೊಂಡು ಏನ್ ಮಾಡ್ಲಿ ಸಾರ್? ಇದ್ರಲ್ಲಿ ಅರ್ಧ ಗಾಡಿ ಚಮಚದಲ್ಲೇ ಸ್ಟಾರ್ಟ್ ಆಗ್ತವೆ. ರೋಟರ್ ಕೊಡಿ."

ಆವತ್ತಿನಿಂದ ಅದೇ ಪದ್ಧತಿ. ಹತ್ತು ಗಂಟೆಗೆ ಭಾಯ್ ಒಂದು ಟಿಫನ್ ಡಬ್ಬಿ ಹಿಡಿದು ಬಾನೆಟ್ಟಿಂದ ಬಾನೆಟ್ಟಿಗೆ ಹೋಗುತ್ತಾರೆ. ಬೈಕಿನವರು ಪ್ಲಗ್ ಬಿಚ್ಚಿ ಕೊಡಬೇಕು. ಡೀಸೆಲ್ ಅಂಬಾಸಿಡರ್ ತಂದವರು ಮಾತ್ರ, ನಮ್ಮದರಲ್ಲಿ ಅದಿಲ್ಲವಲ್ಲ ಭಾಯ್ ಅಂತ ಹಲ್ಲು ಕಿರಿದರು. ಅವರ ಬ್ಯಾಟರಿ ವೈರೇ ಹೋಯಿತು. ಅಂಗಳದಲ್ಲಿ ವೃತ್ತ ಸುತ್ತುವುದು, ಸ್ಲೋ ರೇಸು ಎಲ್ಲ ಈಗ ಹತ್ತರ ಒಳಗೇ ಮುಗಿಯಬೇಕು.

ಪ್ರತಿ ರೋಟರಿಗೂ ದಾರ ಕಟ್ಟಿ, ಚೀಟಿಯಲ್ಲಿ ಗಾಡಿ ನಂಬರ್ ಬರೆದು ಹಾಕುವುದು ಭಾಯ್ ಕ್ರಮ. ಲೂಕಾಸ್ ಅನ್ನುವ ಒಂದೇ ಕಂಪನಿಯ ರೋಟರಿನಲ್ಲೇ ಎಷ್ಟೋ ಬಗೆ ಇವೆ, ಒಂದರದ್ದು ಇನ್ನೊಂದಕ್ಕೆ ಕೂರಲ್ಲ, ಕೂತರೂ ಮುಚ್ಚಳ ಹಾಕಕ್ಕಾಗಲ್ಲ. ಹೋದ ಸಲ ಬೆಳಗ್ಗೆ ಡಬ್ಬಿ ತೆರೆದಾಗ ಚೀಟಿಗಳೆಲ್ಲ ಅದಲು ಬದಲು. ಇಪ್ಪತ್ತು ಚಿಲ್ಲರೆ ಯಜಮಾನರು ಲುಂಗಿಯಲ್ಲೇ ಡಬ್ಬಿ ಸುತ್ತ ಮುಗಿಬಿದ್ದು, ಇದು ನಂದು, ಅದು ನಿಮ್ಮದಲ್ಲ ಅಂತ ಕಿತ್ತಾಡುತ್ತಿದ್ದರು. ಸಕಲೇಶಪುರದ ಪ್ಲಾಂಟರ್ ಅಂತೂ ಮೂರನೇ ರೋಟರ್ ಟ್ರೈ ಮಾಡುತ್ತಿದ್ದರು. ಅಷ್ಟರಲ್ಲಿ ಆ ಕಡೆ ಒಂದು ಗಾಡಿ ಒಂದೇ ಸೆಲ್ಫಿಗೆ ಹತ್ತಿಕೊಂಡ ಸದ್ದು. ಎಲ್ಲರೂ ತಲೆ ಎತ್ತುವ ಹೊತ್ತಿಗೆ ಡಾಕ್ಟ್ರ ಮೋರಿಸ್ ಮೈನರ್ ಹಾರ್ನ್ ಹೊಡೆಯುತ್ತಾ ಗೇಟು ದಾಟಿ ಆಗಿತ್ತು.